ಟಿಕ್ಕಾ ಟಿ3ಎಕ್ಸ್ ವಾರ್ಮಿಂಟ್ .223: ಎರಡು ವರ್ಷ, 2,400 ಗುಂಡು ಆದ್ಮೇಲೆ

ಈ ರೈಫಲ್ (.223 ಅನ್ನೋದು ಅದರ ಗುಂಡಿನ ಅಳತೆ) ತಗೊಂಡು ಎರಡು ವರ್ಷ ಆಯ್ತು, ನನ್ನ ನೋಟ್‌ಬುಕ್ಕಲ್ಲಿ ಕಳೆದ ಭಾನುವಾರಕ್ಕೆ 2,400 ಚಿಲ್ಲರೆ ಗುಂಡು ಅಂತ ಲೆಕ್ಕ ಇದೆ, ಹಾಗಾಗಿ ಈಗ ರಿವ್ಯೂ ಬರೆದ್ರೆ ಯಾರೂ ಬೈಯಲ್ಲ ಅನ್ಕೊಂಡಿದೀನಿ. ಡಬ್ಬ ಬಿಚ್ಚಿದ ವಾರದಲ್ಲೇ ಮೂರು ಗುಂಡು ಹೊಡೆದು, ಮೂರೂ ಒಂದೇ ತೂತಲ್ಲಿ ಹೋಗಿರೋ ಫೋಟೋ ಹಾಕಿ "ಇದರಷ್ಟು ಗುರಿ ಇರೋದು ಬೇರೆ ಇಲ್ಲ ಗುರೂ" ಅಂತ ಬರೆಯೋರನ್ನ ನಂಬಿ ನಾನೂ ತಗೊಂಡವನೇ. ಅವರು ಬರೆಯೋದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ, ಅದನ್ನೇ ಇಲ್ಲಿ ಹೇಳ್ತೀನಿ.

ನಾನಿರೋದು ಕೊಲೊರಾಡೋದಲ್ಲಿ, ಡೆನ್ವರ್ ಉತ್ತರಕ್ಕೆ. ಊರು ತೀರ್ಥಹಳ್ಳಿ ಕಡೆ. ಮನೇಲಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇತ್ತು, ತೋಟಕ್ಕೆ ಮಂಗ ಬಂದಾಗ ಅಜ್ಜ ಅದಕ್ಕೆ ಮಸಿ ತುಂಬಿ, ಬಟ್ಟೆ ಜಡಿದು, ಕೇಪು ಕೂರಿಸಿ, ಕುದುರೆ ಎತ್ತಿ ಆಕಾಶಕ್ಕೆ ಒಂದು ಈಡು ಬಿಡೋರು, ಅಷ್ಟೊತ್ತಿಗೆ ಮಂಗಗಳು ಪಕ್ಕದ ಮನೆಯವರ ತೋಟ ಮುಟ್ಟಿರ್ತಿದ್ವು. ಎಲೆಕ್ಷನ್ ಬಂತು ಅಂದ್ರೆ ಅದನ್ನ ತಗೊಂಡು ಹೋಗಿ ಸ್ಟೇಷನ್ನಲ್ಲಿ ಇಟ್ಟು ಬರಬೇಕು, ಮಂಗಕ್ಕೂ ಅದು ಗೊತ್ತಾಗ್ತಿತ್ತೋ ಏನೋ. ಆ ಕೋವಿಯಲ್ಲಿ ಗುರಿ ತಪ್ಪಿದ್ರೆ ಮಸಿ ಥಂಡಿ ಹಿಡಿದಿತ್ತು, ಕೇಪು ಹಳೇದು, ಮಳೆ ಅಂತ ಹೇಳೋಕೆ ಏನೇನೋ ಇರ್ತಿತ್ತು. ಈ ಟಿಕ್ಕಾದಲ್ಲಿ ಹಾಗೆ ಹೇಳೋಕೆ ಏನೂ ಸಿಗಲ್ಲ, ಒಂದೇ ಒಂದು ಸಲ ಬಿಟ್ಟು, ಅದು ಮುಂದೆ ಬರುತ್ತೆ.

ಮೊದಲು ವಾರ್ಮಿಂಟ್ ಅಂದ್ರೇನು ಅಂತ ಗೊತ್ತಿಲ್ಲದೋರಿಗೆ. ಹುಲ್ಲುಗಾವಲು, ಬೆಳೆ ಹಾಳು ಮಾಡೋ ಸಣ್ಣ ಪ್ರಾಣಿಗಳಿಗೆ ಅಮೆರಿಕದೋರು ಹೇಳೋ ಮಾತು ಅದು, ನಮ್ಮಲ್ಲಿ ಹೆಗ್ಗಣ ಮುಳ್ಳುಹಂದಿ ಬಗ್ಗೆ ರೈತರು ಯಾವ ದನೀಲಿ ಮಾತಾಡ್ತಾರೋ ಅದೇ ದನಿ ಅದರಲ್ಲಿರುತ್ತೆ. ಇಲ್ಲಿ ಬಯಲುಸೀಮೆಯಲ್ಲಿ ಅದು ಅಂದ್ರೆ ಮುಖ್ಯವಾಗಿ ಪ್ರೇರಿ ಡಾಗ್. ಹೆಸರಲ್ಲಿ ನಾಯಿ ಇದೆ ಅಷ್ಟೇ, ಅದು ಅಳಿಲಿನ ಜಾತಿ, ಬಿಲ ತೋಡ್ಕೊಂಡು ನೂರಾರು ಒಟ್ಟಿಗೆ ಇರುತ್ತೆ, ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು ನಾಯಿ ಥರ ಬೊಗಳುತ್ತೆ. 1804ರಲ್ಲಿ ಅಮೆರಿಕದ ಪಶ್ಚಿಮ ಭಾಗ ಹುಡುಕ್ಕೊಂಡು ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಒಂದನ್ನ ಹಿಡಿಯೋಕೆ ಬಿಲಕ್ಕೆ ನೀರು ಹೊಯ್ದೂ ಹೊಯ್ದೂ ಹೆಚ್ಚುಕಮ್ಮಿ ಒಂದು ದಿನಾನೇ ಕಳೆದ್ರಂತೆ, ಆಮೇಲೆ ಜೀವಂತವಾಗಿ ಪ್ರೆಸಿಡೆಂಟ್ ಜೆಫರ್ಸನ್‌ಗೆ ಕಳಿಸಿಕೊಟ್ರು. ನಿಂತ್ರೆ ಒಂದಡಿ ಎತ್ತರ, ಅಗಲ ಮೂರ್ನಾಲ್ಕು ಇಂಚು, ಹತ್ತಿರ ಹೋದ್ರೆ ಬಿಲಕ್ಕೆ ಇಳಿಯುತ್ತೆ, ಹಾಗಾಗಿ 200, 300 ಗಜದಿಂದ ಹೊಡೀಬೇಕು. ಅದಕ್ಕೋಸ್ಕರ ಹುಟ್ಟಿದ್ದೇ ಈ ದಪ್ಪ ನಳಿಗೆಯ ರೈಫಲ್‌ಗಳು. ಜಿಂಕೆ ಬೇಟೆ ರೈಫಲ್ ಒಂದು ದಿನಕ್ಕೆ ಒಂದು ಗುಂಡು ಹೊಡೆದ್ರೆ ಸಾಕು, ಇದು ಒಂದು ಬೆಳಿಗ್ಗೆಗೆ ನೂರು ಹೊಡೀಬೇಕು, ತೆಳು ನಳಿಗೆ ಆದ್ರೆ ಬೇಗ ಕಾದು ಗುಂಡು ಅಲ್ಲಿಲ್ಲಿ ಹೋಗೋಕೆ ಶುರು ಆಗುತ್ತೆ, ದಪ್ಪದ್ದು ನಿಧಾನಕ್ಕೆ ಕಾಯುತ್ತೆ.

ತಗೊಳ್ಳೋ ವಿಷಯ. ಇಲ್ಲಿರೋ ನಮ್ಮವರು ಸುಮಾರು ಜನ ಇದನ್ನೇ ಕೇಳ್ತಾರೆ ಅದಕ್ಕೆ ಬರೀತಿದೀನಿ. ಗ್ರೀನ್ ಕಾರ್ಡ್ ಇದ್ರೆ ತೊಂದರೆ ಇಲ್ಲ. ಎಚ್1ಬಿ, ಎಫ್1 ಥರದ ವೀಸಾದಲ್ಲಿದ್ರೆ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಕೋವಿ ಇಟ್ಕೊಳ್ಳೋ ಹಾಗೇ ಇಲ್ಲ, ಕೊಳ್ಳೋದು ಆಮೇಲಿನ ಮಾತು, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಅದಕ್ಕೊಂದು ವಿನಾಯಿತಿ ಇದೆ. "ಫ್ರೆಂಡ್ ಜೊತೆ ಸುಮ್ನೆ ರೇಂಜಿಗೆ ಹೋಗಿ ಹೊಡೆದು ಬಂದೆ" ಅಂತ ಫೋಟೋ ಹಾಕೋ ಹುಡುಗರು ಇದನ್ನ ಒಂದ್ಸಲ ಲಾಯರ್ ಹತ್ರ ಕೇಳ್ಕೊಳ್ಳಿ ದಯವಿಟ್ಟು. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಅಂಗಡಿ ಮೆಟ್ಟಿಲು ಹತ್ತಿದ್ದು. 4473 ಅನ್ನೋ ಫಾರ್ಮ್ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಆಗಿ, ಕೊಲೊರಾಡೋದಲ್ಲಿ 2023ರ ಅಕ್ಟೋಬರ್‌ನಿಂದ ಮೂರು ದಿನ ಕಾಯೋ ರೂಲ್ ಬೇರೆ ಇದೆ, ದುಡ್ಡು ಕಟ್ಟಿ ಬರಿಗೈಲಿ ವಾಪಸ್ ಬಂದು ಮೂರು ದಿನ ಆದ್ಮೇಲೆ ಮತ್ತೆ ಹೋದೆ. ಊರಲ್ಲಿ ಲೈಸೆನ್ಸ್ ರಿನ್ಯೂ ಮಾಡಿಸೋಕೆ ಅಪ್ಪ ತಾಲೂಕು ಆಫೀಸಿಗೆ ಸುತ್ತಿದ್ದು ನೋಡಿದವನಿಗೆ ಇದು ಏನೂ ಅಲ್ಲ. ರೈಫಲ್‌ಗೆ ಟ್ಯಾಕ್ಸ್ ಸೇರಿ ಸಾವಿರ ಡಾಲರ್ ದಾಟ್ತು.

ಈಗ ಸಾಮಾನಿನ ಬಗ್ಗೆ. ಮಾಡೋದು ಫಿನ್ಲೆಂಡಿನ ರೀಹಿಮಾಕಿಯಲ್ಲಿರೋ ಸಾಕೋ ಕಂಪನಿ, ಟಿಕ್ಕಾ ಅನ್ನೋದು ಅವರದೇ ಕಮ್ಮಿ ಬೆಲೆಯ ಹೆಸರು, 2000ದಿಂದ ಇಟಲಿಯ ಬೆರೆಟ್ಟಾದವರ ಕೈಲಿದೆ. ಟಿ3 ಬಂದಿದ್ದು 2003ರಲ್ಲಿ, ಟಿ3ಎಕ್ಸ್ 2016ರಲ್ಲಿ. ಕೈಗೆ ತಗೊಂಡ ತಕ್ಷಣ ಗೊತ್ತಾಗೋದು ಬೋಲ್ಟು, ಅಂದ್ರೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಎಳೆಯೋ ಹಿಡಿ. ಬೆಣ್ಣೆ ಥರ ಅಂತ ಎಲ್ಲರೂ ಬರೀತಾರೆ, ನಾನು ಹೇಳೋದಾದ್ರೆ ಚೆನ್ನಾಗಿ ಎಣ್ಣೆ ಬಿಟ್ಟಿರೋ ಹಳೇ ಮನೆ ಬಾಗಿಲ ಚಿಲಕ ಥರ, ಒಂದು ಬೆರಳಲ್ಲಿ ಎಳೆದ್ರೆ ಬರುತ್ತೆ. ಎತ್ತೋದು 70 ಡಿಗ್ರಿ ಮಾತ್ರ, ಹಾಗಾಗಿ ದೊಡ್ಡ ಸ್ಕೋಪ್ (ಗುರಿ ನೋಡೋ ದುರ್ಬೀನು) ಹಾಕಿದ್ರೂ ಗೆಣ್ಣು ತಾಗಲ್ಲ. ಟ್ರಿಗರ್ ಎರಡರಿಂದ ನಾಲ್ಕು ಪೌಂಡ್‌ವರೆಗೆ ನಾವೇ ಒಂದು ಅಲನ್ ಕೀಯಿಂದ ಅಡ್ಜಸ್ಟ್ ಮಾಡ್ಕೋಬಹುದು, ನಾನು ಎರಡೂವರೆಗೆ ಇಟ್ಟಿದೀನಿ, ಎಳೆದಾಗ ಜಗ್ಗಾಟ ಇಲ್ಲ, ಕಡ್ಡಿ ಮುರಿದ ಹಾಗೆ ಟಕ್ ಅಂತ ಬಿಡುತ್ತೆ. ಇದೊಂದಕ್ಕೇ ದುಡ್ಡು ವಸೂಲ್ ಅಂದ್ರೂ ಸರಿ.

ಸ್ಟಾಕ್, ಅಂದ್ರೆ ಹೆಗಲಿಗೆ ಊರಿ ಹಿಡಿಯೋ ಭಾಗ, ಪ್ಲಾಸ್ಟಿಕ್ಕು. ಬಡಿದ್ರೆ ಹಳೇ ಟಿಕ್ಕಾ ಟೊಳ್ಳು ಡಬ್ಬದ ಥರ ಸದ್ದು ಮಾಡೋದಂತೆ, ಇದರ ಹಿಂಭಾಗಕ್ಕೆ ಫೋಮ್ ತುರುಕಿ ಅದನ್ನ ಕಮ್ಮಿ ಮಾಡಿದಾರೆ, ಆದ್ರೂ ನೋಡೋಕೆ ಏನೂ ಚಂದ ಇಲ್ಲ, ಹೆಂಡತಿ ನೋಡಿ "ಇದಕ್ಕಾ ಸಾವಿರ ಡಾಲರ್ ಕೊಟ್ಟಿದ್ದು, ನೀರಿನ ಪೈಪ್ ಥರ ಇದೆ" ಅಂದ್ಲು. ವಾರ್ಮಿಂಟ್ ಮಾಡೆಲ್ಲಲ್ಲಿ ಕೆನ್ನೆ ಊರೋ ಜಾಗ ಎತ್ತರ ಇದೆ, ಮುಂದಿನ ಭಾಗ ಅಗಲ ಇದೆ, ಮರಳು ಚೀಲದ ಮೇಲೆ ಕೂತ್ರೆ ಅಲ್ಲಾಡಲ್ಲ. ತೂಕ ಬರೀ ರೈಫಲ್‌ದೇ ಎಂಟು ಪೌಂಡ್ ಹತ್ತಿರ, ಸ್ಕೋಪು, ಮುಂದೆ ಊರೋ ಎರಡು ಕಾಲಿನ ಬೈಪಾಡು ಎಲ್ಲ ಸೇರಿದ್ರೆ ಹನ್ನೊಂದು ದಾಟುತ್ತೆ. ಹೊತ್ಕೊಂಡು ಗುಡ್ಡ ಹತ್ತೋರಿಗಲ್ಲ ಇದು. ಆದ್ರೆ ಆ ತೂಕದ್ದೇ ಒಂದು ದೊಡ್ಡ ಲಾಭ ಇದೆ, .223 ಹೇಗೂ ಸಣ್ಣ ಗುಂಡು, ಹಿಂದಕ್ಕೆ ಒದೆಯೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಹಾಗಾಗಿ ಹೊಡೆದ ಗುಂಡು ಎಲ್ಲಿ ಬಿತ್ತು ಅನ್ನೋದು ಸ್ಕೋಪಲ್ಲೇ ಕಾಣುತ್ತೆ. ಪಕ್ಕದಲ್ಲಿ ಒಬ್ಬ ದುರ್ಬೀನು ಹಿಡ್ಕೊಂಡು "ಎಡಕ್ಕೆ ಹೋಯ್ತು" ಅನ್ನೋ ಅಗತ್ಯ ಇಲ್ಲ, ಮಣ್ಣು ಹಾರೋದು ನೀವೇ ನೋಡ್ತೀರ.

ಮ್ಯಾಗಜೀನ್, ಅಂದ್ರೆ ಗುಂಡು ತುಂಬೋ ಡಬ್ಬಿ, ಅದರ ಬಗ್ಗೆ ಮಾತ್ರ ಸಿಟ್ಟಿದೆ. ಒಂದೇ ಒಂದು ಕೊಡ್ತಾರೆ, ಅದೂ ಪ್ಲಾಸ್ಟಿಕ್ಕು, ಇನ್ನೊಂದು ಬೇಕು ಅಂದ್ರೆ ಎಪ್ಪತ್ತು ಡಾಲರ್ ಮೇಲೆ. ಎಪ್ಪತ್ತು! ಪಕ್ಕದ ಬೆಂಚಲ್ಲಿ ಎಆರ್ ಅನ್ನೋ ಸೆಮಿ ಆಟೋಮ್ಯಾಟಿಕ್ ರೈಫಲ್ ಹೊಡೆಯೋನು ಹನ್ನೆರಡು ಡಾಲರ್ ಮ್ಯಾಗಜೀನ್ ನೆಲಕ್ಕೆ ಬಿಸಾಕ್ತಾ ಇರ್ತಾನೆ, ನಾನು ಮಗು ಹಾಲಿನ ಬಾಟಲಿ ಥರ ಜೋಪಾನ ಮಾಡ್ತಿರ್ತೀನಿ. ಇನ್ನೊಂದು, ಟಿಕ್ಕಾದಲ್ಲಿ ಎಲ್ಲ ಅಳತೆಯ ಗುಂಡಿಗೂ ಒಂದೇ ಉದ್ದದ ಆಕ್ಷನ್ನು (ಬೋಲ್ಟ್ ಓಡಾಡೋ ಭಾಗ), ಸಣ್ಣ ಗುಂಡಿಗೆ ಬೇರೆ ಬೋಲ್ಟ್ ಸ್ಟಾಪ್ ಹಾಕಿ ಅಲ್ಲೇ ನಿಲ್ಲೋ ಹಾಗೆ ಮಾಡಿರ್ತಾರೆ. .223ಗೆ ಇಷ್ಟುದ್ದ ಯಾಕೆ ಅಂತ ಕೆಲವರು ಜಗಳ ಆಡ್ತಾರೆ. ಹೊಡೆಯುವಾಗ ನನಗೇನೂ ವ್ಯತ್ಯಾಸ ಕಂಡಿಲ್ಲ.

ಸರಿ, ಗುರಿ. ಕಂಪನಿ ಗ್ಯಾರಂಟಿ ಏನು ಅಂದ್ರೆ 100 ಗಜದಲ್ಲಿ ಮೂರು ಗುಂಡು ಒಂದು ಇಂಚಿನೊಳಗೆ, ಅಂದ್ರೆ ಹತ್ತತ್ರ ಒಂದು ಸುಲಿದ ಅಡಿಕೆಯಷ್ಟು ಜಾಗ. ಕೇಳೋಕೆ ಭಾರಿ ಅನ್ಸುತ್ತೆ, ಆದ್ರೆ ಮೂರು ಗುಂಡು ಅನ್ನೋದು ಬಹಳ ಸುಲಭದ ಪರೀಕ್ಷೆ, ಹತ್ತು ಸಲ ಹೊಡೆದ್ರೆ ಯಾವುದೋ ಒಂದು ಸಲ ಮೂರೂ ತಾನಾಗೇ ಹತ್ತಿರ ಬೀಳ್ತವೆ, ಅದರ ಫೋಟೋ ತೆಗೆದು ಪರ್ಸಲ್ಲಿ ಇಟ್ಕೊಳ್ತಾರೆ ಜನ. ನಾನು ಐದೈದು ಗುಂಡಿನ ಹತ್ತು ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡಿನ ಗುಂಪು) ಹೊಡೆದು, ಕೆಟ್ಟದ್ದನ್ನೂ ಸೇರಿಸಿ ಅವುಗಳ ಅಗಲದ ಸರಾಸರಿ ತೆಗೆದೆ. ಹಾರ್ನಡಿ ಕಂಪನಿಯ 53 ಗ್ರೇನ್ (ಗುಂಡು ತೂಗೋ ಅಳತೆ) ವಿ-ಮ್ಯಾಕ್ಸ್ ಗುಂಡಿಗೆ 0.72 ಇಂಚು ಬಂತು, ಅಂದ್ರೆ ನಮ್ಮ ಹಳೇ ಪಾವಲಿ ನಾಣ್ಯ ಇತ್ತಲ್ಲ ನಾಲ್ಕಾಣೆದು, ಅಷ್ಟು ಅಗಲ. ಅತಿ ಚೆನ್ನಾಗಿರೋದು 0.38, ಅತಿ ಕೆಟ್ಟದ್ದು 1.1, ಆ ಕೆಟ್ಟದ್ದರ ಹಿಂದಿನ ರಾತ್ರಿ ನಾನು ನಿದ್ದೆ ಮಾಡಿರ್ಲಿಲ್ಲ, ಮಗಳಿಗೆ ಜ್ವರ. ಸಾವಿರ ಗುಂಡಿನ ಡಬ್ಬದಲ್ಲಿ ಬರೋ ಅಗ್ಗದ 55 ಗ್ರೇನ್ ಎಫ್ಎಂಜೆ (ಲೋಹದ ಹೊದಿಕೆಯ ಸಾದಾ ಗುಂಡು) ಹಾಕಿದ್ರೆ ಇದೇ ರೈಫಲ್ಲು ಒಂದೂವರೆಯಿಂದ ಎರಡು ಇಂಚು. ಅಂದ್ರೆ ಒಳ್ಳೆ ಗುಂಡು ಹಾಕೋ ಯೋಗ್ಯತೆ ಇಲ್ಲ ಅಂದ್ರೆ ಈ ರೈಫಲ್ ತಗೊಂಡು ಪ್ರಯೋಜನ ಇಲ್ಲ, ಒಂದೊಂದು ಗುಂಡಿಗೆ ಡಾಲರ್ ಮೇಲೆ ಆಗುತ್ತೆ, 2,400ಕ್ಕೆ ನೀವೇ ಲೆಕ್ಕ ಹಾಕ್ಕೊಳ್ಳಿ, ನಾನು ಹಾಕೋಕೆ ಹೋಗಿಲ್ಲ. ಈ ವರ್ಷದಿಂದ ಮನೇಲೇ ತುಂಬೋಕೆ ಶುರು ಮಾಡಿದೀನಿ, ಗ್ಯಾರೇಜಲ್ಲಿ ತಕ್ಕಡಿ ಇಟ್ಕೊಂಡು ಮದ್ದು ತೂಗ್ತಾ ಕೂತ್ರೆ ಶೆಟ್ಟರ ಅಂಗಡಿ ನೆನಪಾಗುತ್ತೆ.

ನಳಿಗೆಯೊಳಗೆ ಗುಂಡನ್ನ ತಿರುಗಿಸೋ ಗೆರೆಗಳಿರ್ತವೆ, ಅದರ ತಿರುವು ನನ್ನದರಲ್ಲಿ ಎಂಟು ಇಂಚಿಗೆ ಒಂದು ಸುತ್ತು. ಇದು ಕೊಳ್ಳೋ ಮೊದಲು ನೋಡ್ಲೇಬೇಕಾದ ಸಂಗತಿ. ಹಳೇ .223 ವಾರ್ಮಿಂಟ್ ರೈಫಲ್‌ಗಳಲ್ಲಿ 12 ಇಂಚಿಗೆ ಒಂದು ಸುತ್ತು ಇರ್ತಿತ್ತು, ಅದಕ್ಕೆ 55 ಗ್ರೇನ್‌ವರೆಗಿನ ಹಗುರ ಗುಂಡು ಚೆನ್ನಾಗಿ ಆಗುತ್ತೆ, ಉದ್ದನೆ ಭಾರದ ಗುಂಡು ಹಾಕಿದ್ರೆ ಸರಿಯಾಗಿ ಗಿರಗಿರ ತಿರುಗದೆ ಬುಗುರಿ ಸಾಯೋ ಮುಂಚೆ ಓಲಾಡುತ್ತಲ್ಲ ಹಾಗಾಗುತ್ತೆ. ಎಂಟರದ್ದಾದ್ರೆ 69, 73, 77 ಗ್ರೇನ್ ಕೂಡ ಹೊಡೀಬಹುದು, ದೂರಕ್ಕೆ ಗಾಳಿ ತಡೆಯೋದು ಅವೇ.

ಇನ್ನು ಆ ಒಂದು ಸಲದ ಕಥೆ. ತಗೊಂಡ ಹೊಸದರಲ್ಲಿ ಸ್ಕೋಪ್ ಕೂರಿಸೋಕೆ ನನಗೆ ಬರ್ತಿರ್ಲಿಲ್ಲ, ಇಲ್ಲೇ ಹತ್ತಿರದ ಒಂದು ಅಂಗಡಿಗೆ ಕೊಟ್ಟೆ, ಹೆಸರು ಬೇಡ. ನಲವತ್ತು ಡಾಲರ್ ತಗೊಂಡು ಕೂರಿಸಿ ಕೊಟ್ರು. ಮೊದಲ ದಿನ ಚೆನ್ನಾಗಿತ್ತು. ಎರಡನೇ ವಾರ ಗ್ರೂಪು ಎರಡು ಇಂಚು, ಮೂರನೇ ವಾರ ಎರಡಾಗಿ ಒಡೆದು ಹೋಯ್ತು, ಎರಡು ಗುಂಡು ಇಲ್ಲಿ ಮೂರು ಅಲ್ಲಿ. ಯಾರನ್ನ ಕೇಳಿದ್ರೂ ಒಂದೇ ಮಾತು, ಟಿಕ್ಕಾ ತಪ್ಪು ಮಾಡಲ್ಲ, ನಿನ್ನ ಕೈ ಸರಿ ಇಲ್ಲ. ನಾನೂ ಅದನ್ನೇ ನಂಬಿ ಉಸಿರು ಬಿಗಿ ಹಿಡಿಯೋದು, ಬೆರಳಿನ ಯಾವ ಗೆರೆ ಟ್ರಿಗರ್ ಮೇಲೆ ಇರಬೇಕು, ಹಿಂದಿನ ಚೀಲ ಹೇಗೆ ಹಿಂಡಬೇಕು ಅಂತ ರಾತ್ರಿ ಹನ್ನೆರಡರವರೆಗೆ ವಿಡಿಯೋ ನೋಡಿದ್ದೇ ನೋಡಿದ್ದು, ಕಾಫಿ ಬಿಟ್ಟೆ, ನಿಜವಾಗ್ಲೂ, ಮಲೆನಾಡಿನವನು ಕಾಫಿ ಬಿಟ್ಟೆ. ಒಂದು ತಿಂಗಳು, ಇನ್ನೂರು ಡಾಲರ್ ಗುಂಡು. ಕೊನೆಗೆ ರೇಂಜಲ್ಲಿ ಪಕ್ಕದ ಬೆಂಚಿನ ಮುದುಕಪ್ಪ ಒಬ್ಬರು ಬಂದು ಏನೂ ಮಾತಾಡದೆ ಸ್ಕೋಪನ್ನ ಕೈಲಿ ಹಿಡಿದು ಅಲ್ಲಾಡಿಸಿದ್ರು. ಕಟಕಟ ಅಂತು. ಸ್ಕೋಪನ್ನ ರೈಫಲ್‌ಗೆ ಹಿಡಿದಿಡೋ ಬೇಸ್ ಸ್ಕ್ರೂ ಎರಡು ಲೂಸು. ಅವತ್ತೇ ಅರವತ್ತು ಡಾಲರ್ ಕೊಟ್ಟು ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಟಾರ್ಕ್ ಸ್ಕ್ರೂಡ್ರೈವರ್ ತಗೊಂಡೆ, ಎಲ್ಲ ಬಿಚ್ಚಿ ಎಣ್ಣೆ ಒರೆಸಿ ನಾನೇ ಕೂರಿಸಿದೆ, ಅವತ್ತಿನಿಂದ ಅಲ್ಲಾಡಿಲ್ಲ. ಕಾಫಿ ಮಾರನೇ ದಿನವೇ ಶುರು ಮಾಡಿದೆ, ಗ್ರೂಪಿಗೆ ಅದರಿಂದ ಏನೂ ಆಗಿಲ್ಲ. ಹಾಗಾಗಿ ಒಳ್ಳೆ ರೈಫಲ್ ಅಂತ ಹೆಸರಿದ್ರೆ ಎಲ್ಲ ತಪ್ಪನ್ನೂ ನಮ್ಮ ತಲೆಗೆ ಕಟ್ಕೋಬಾರ್ದು, ಮೊದಲು ಸ್ಕ್ರೂ ನೋಡಿ.

ಬೆಂಚ್ ಮೇಲಿನ ಕಥೆ ಇಷ್ಟು. ಬಯಲಿಗೆ ಹೋದ್ರೆ ಬೇರೇನೇ. ವೆಲ್ಡ್ ಕೌಂಟಿಯಲ್ಲಿ ಒಬ್ಬರ ರ‍್ಯಾಂಚ್ ಇದೆ, ಆಫೀಸಿನ ಗೆಳೆಯನ ಕಡೆಯಿಂದ ಪರಿಚಯ, ವರ್ಷಕ್ಕೆ ನಾಲ್ಕೈದು ಸಲ ಹೋಗ್ತೀನಿ. ಪ್ರೇರಿ ಡಾಗ್‌ಗೂ ಕೊಲೊರಾಡೋದಲ್ಲಿ ಸ್ಮಾಲ್ ಗೇಮ್ ಲೈಸೆನ್ಸ್ (ಸಣ್ಣ ಪ್ರಾಣಿ ಬೇಟೆಯದು) ಬೇಕು, 1949ರಿಂದೀಚೆಗೆ ಹುಟ್ಟಿದ ಎಲ್ಲರಿಗೂ ಹಂಟರ್ ಎಜುಕೇಷನ್ ಕೋರ್ಸ್ ಕಡ್ಡಾಯ, ನಾನು ಹದಿಮೂರು ವರ್ಷದ ಹುಡುಗರ ಮಧ್ಯೆ ಕೂತು ಪರೀಕ್ಷೆ ಬರೆದೆ. ಅಲ್ಲಿ ಮರ ಇಲ್ಲ, ಗುಡ್ಡ ಇಲ್ಲ, ಗಾಳಿಗೆ ಅಡ್ಡ ಅಂತ ಇರೋದು ತಂತಿಬೇಲಿ ಮಾತ್ರ. 53 ಗ್ರೇನ್ ಗುಂಡು ಸೆಕೆಂಡಿಗೆ 3,400 ಅಡಿ ಮೇಲೆ ಹೊರಡುತ್ತೆ, ಆದ್ರೂ ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ ಇದ್ರೆ 300 ಗಜಕ್ಕೆ ಹೋಗೋಷ್ಟರಲ್ಲಿ ಎಂಟೊಂಬತ್ತು ಇಂಚು ಪಕ್ಕಕ್ಕೆ ಸರಿದಿರುತ್ತೆ. ಪ್ರಾಣಿ ಅಗಲ ಇರೋದೇ ಮೂರ್ನಾಲ್ಕು ಇಂಚು. ಪಾವಲಿ ಗ್ರೂಪು ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ, ಗಾಳಿ ಓದೋಕೆ ಬಂದ್ರೆ ಮಾತ್ರ ಆಯ್ತು. ಒಂಬತ್ತು ಗಂಟೆ ಆದ್ಮೇಲೆ ನೆಲ ಕಾದು ಸ್ಕೋಪಲ್ಲಿ ಬಿಸಿಲ್ಗುದುರೆ ಓಡೋಕೆ ಶುರು ಆಗುತ್ತೆ, ಮೊದಮೊದಲು ಅದನ್ನ ಬೈತಿದ್ದೆ, ಆಮೇಲೆ ಗೊತ್ತಾಯ್ತು ಗಾಳಿ ಹೇಳೋದೇ ಅದು ಅಂತ. ನೇರ ಮೇಲಕ್ಕೆ ಕುದೀತಿದ್ರೆ ಅಡ್ಡಗಾಳಿ ಇಲ್ಲ, ಬಲಕ್ಕೆ ಹರೀತಿದ್ರೆ ಗಾಳಿ ಎಡದಿಂದ, ಜೋರಾಗಿ ಮಲಗಿ ಹರಿದ್ರೆ ಸುಮ್ನೆ ಚಹಾ ಕುಡಿಯೋದು ವಾಸಿ. ಮೊದಲ ಸಲ ಹೋದಾಗ ಅರವತ್ತು ಗುಂಡಲ್ಲಿ ಹನ್ನೊಂದು ತಾಗಿತ್ತು. ಈಗ 200 ಗಜದೊಳಗೆ ಹತ್ತಕ್ಕೆ ಏಳೆಂಟು, 300ಕ್ಕೆ ಅರ್ಧಕ್ಕರ್ಧ. ನೂರು ಗುಂಡಿನ ಬೆಳಿಗ್ಗೆಯಲ್ಲಿ ಈ ನಳಿಗೆಯೂ ಕಾಯುತ್ತೆ, ಹದಿನೈದಿಪ್ಪತ್ತು ಆದ್ಮೇಲೆ ಬೋಲ್ಟ್ ತೆರೆದಿಟ್ಟು ಹತ್ತು ನಿಮಿಷ ಬಿಡ್ತೀನಿ, ಮುಟ್ಟಿದ್ರೆ ಬಿಸಿ ಲೋಟದಷ್ಟು ಇರುತ್ತೆ.

ಕೊಲ್ಲೋ ವಿಷಯ ಮುಚ್ಚಿಡೋಕೆ ಹೋಗಲ್ಲ. ಅಮ್ಮನಿಗೆ ಫೋನಲ್ಲಿ ಹೇಳ್ದಾಗ "ತಿನ್ನೂದಿಲ್ಲ ಅಂತೀಯ, ಮತ್ತೆ ಎಂತಕ್ಕೆ ಹೊಡೆಯೂದು ಮಾರಾಯಾ" ಅಂದ್ರು. ದನ ಮೇಯೋ ಹುಲ್ಲು ತಿಂತವೆ ಅಮ್ಮಾ, ರ‍್ಯಾಂಚಿನವರೇ ಕರೆದು ಹೊಡಿ ಅಂತಾರೆ, ಇಲ್ಲ ಅಂದ್ರೆ ವಿಷ ಇಡ್ತಾರೆ ಅಂದೆ. "ನಮ್ಮ ತೋಟದ ಮಂಗಕ್ಕೆ ಇಲ್ಲದ್ದು ಅಲ್ಲಿಯ ಇಲಿಗೆ" ಅಂತ ಗೊಣಗಿ ಫೋನ್ ಅಪ್ಪನಿಗೆ ಕೊಟ್ರು. ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಹತ್ರ ಇನ್ನೂ ಇಲ್ಲ. ಆ ಬಿಲಗಳಲ್ಲಿ ಬೇಸಿಗೆಗೆ ಸಣ್ಣ ಗೂಬೆಗಳೂ ಬಂದು ಇರ್ತವೆ, ಕಂದು ಬಣ್ಣ, ದೂರದಿಂದ ನೋಡಿದ್ರೆ ಪ್ರೇರಿ ಡಾಗ್ ನಿಂತ ಹಾಗೇ ಕಾಣುತ್ತೆ, ಗೂಬೆ ಹೊಡೆದ್ರೆ ಅಪರಾಧ, ಹಾಗಾಗಿ ಅನುಮಾನ ಬಂದ್ರೆ ಬೆರಳು ತೆಗೀಬೇಕು. ಪ್ರೇರಿ ಡಾಗನ್ನೇ ನಂಬಿ ಬದುಕೋ ಕಪ್ಪುಕಾಲಿನ ಫೆರೆಟ್ ಅನ್ನೋ ಪ್ರಾಣಿ ಇದೆ, ಬಿಲ ಎಲ್ಲ ನಿರ್ನಾಮ ಆಗಿ ಅದೂ ಹೋಯ್ತು ಅಂತಾನೇ ತಿಳ್ಕೊಂಡಿದ್ರು, 1981ರಲ್ಲಿ ವಯೋಮಿಂಗಿನ ಮೀಟೀಟ್ಸಿ ಹತ್ತಿರ ಒಂದು ಸಾಕುನಾಯಿ ಸತ್ತ ಫೆರೆಟ್ಟನ್ನ ಕಚ್ಕೊಂಡು ಮನೆಗೆ ತಂದ ಮೇಲೆ ಇನ್ನೂ ಇವೆ ಅಂತ ಗೊತ್ತಾಯ್ತು. ಇದನ್ನೆಲ್ಲ ಓದಿದ ಮೇಲೆ ಒಂದು ಕಡೆ ಕೂತು ಸಿಕ್ಕಿದ್ದೆಲ್ಲ ಹೊಡೆಯೋ ಉಮೇದು ಕಮ್ಮಿ ಆಗಿದೆ. ಸೀಸದ ಚೂರು ತಿಂದ ಹದ್ದುಗಳು ಸಾಯ್ತವೆ ಅಂತ ಸೀಸ ಇಲ್ಲದ ಗುಂಡೂ ತಂದೆ, ಬಾರ್ನ್ಸ್ ಅವರದು, ನನ್ನ ನಳಿಗೆಯಲ್ಲಿ 0.9 ಇಂಚು, ಬೆಲೆ ಜಾಸ್ತಿ, ಬಯಲಿಗೆ ಈಗ ಅದನ್ನೇ ಒಯ್ತೀನಿ. ಸತ್ತದ್ದನ್ನ ಮಾತ್ರ ಕೈಯಲ್ಲಿ ಮುಟ್ಟಬೇಡಿ, ಅದರ ಚಿಗಟದಲ್ಲಿ ಪ್ಲೇಗ್ ಇರಬಹುದು, ಹೌದು ಅದೇ ಪ್ಲೇಗು, ನಮ್ಮೂರ ಮಾರಮ್ಮನ ಕಾಲದ್ದು.

.22-250 ಅನ್ನೋ ಇನ್ನೊಂದು ಗುಂಡಿನ ರೈಫಲ್ ತಗೊಳ್ಲಾ ಅಂತ ಕೇಳೋರಿಗೆ: ಅದು ಇನ್ನೂ ವೇಗ, ಗಾಳಿಗೆ ಇನ್ನೂ ಸ್ವಲ್ಪ ಗಟ್ಟಿ, ಆದ್ರೆ ಅದೇ ಸಣ್ಣ ತೂತಲ್ಲಿ ಜಾಸ್ತಿ ಮದ್ದು ಉರಿಯೋದ್ರಿಂದ ನಳಿಗೆ ಬೇಗ ಕಾಯುತ್ತೆ, ಬೇಗ ಸವೆಯುತ್ತೆ, ಗುಂಡೂ ದುಬಾರಿ. ದಿನಕ್ಕೆ ಹತ್ತಿಪ್ಪತ್ತು ಹೊಡೆಯೋರಿಗೆ ಸರಿ. ದುಡ್ಡು ಕಮ್ಮಿ ಇದ್ರೆ ಸ್ಯಾವೇಜ್ 12 ನೋಡಿ, ಅದರ ಆಕ್ಯೂಟ್ರಿಗರ್ ಚೆನ್ನಾಗಿದೆ, ಗುರಿಯಲ್ಲಿ ಇದಕ್ಕೆ ಏನೂ ಕಮ್ಮಿ ಇಲ್ಲ, ಗೆಳೆಯನದು ನಾನೇ ಹೊಡೆದು ನೋಡಿದೀನಿ, ಬೋಲ್ಟ್ ಮಾತ್ರ ಹಳೇ ಲಾರಿ ಗೇರ್ ಥರ. ಒಂದು ಬೆಳಿಗ್ಗೆಗೆ ನೂರು ಸಲ ಎಳೆಯೋ ಸಾಮಾನು ಅದು, ಅದಕ್ಕೇ ನಾನು ಟಿಕ್ಕಾ ಕಡೆ.

ಸ್ಟಾರ್ ಕೊಡೋದಾದ್ರೆ ಐದಕ್ಕೆ ನಾಲ್ಕೂವರೆ, ಅರ್ಧ ಕಿತ್ಕೊಂಡಿದ್ದು ಮ್ಯಾಗಜೀನ್‌ಗೆ. ಈಚೆಗೆ ಹತ್ತರಲ್ಲಿ ಎಂಟು ಗುಂಡು ಕಾಗದಕ್ಕೇ ಹೋಗ್ತಿರೋದು, ಭಾನುವಾರ ಬೆಳಿಗ್ಗೆ ಆರೂವರೆಗೆ ಗಾಳಿ ಏಳೋ ಮುಂಚೆ ಐವತ್ತು ಹೊಡೆದು, ಮನೆಗೆ ಬಂದು ದೋಸೆ ತಿಂದು, ನಳಿಗೆ ಕ್ಲೀನ್ ಮಾಡೋದು. ಕ್ಲೀನಿಂಗ್ ಸಾಲ್ವೆಂಟ್ ವಾಸನೆ ಡೈನಿಂಗ್ ಟೇಬಲ್ ಹತ್ತಿರ ಬರಬಾರ್ದು ಅಂತ ಮನೇಲಿ ಆರ್ಡರ್ ಆಗಿದೆ, ಚಳಿಗಾಲದಲ್ಲೂ ಗ್ಯಾರೇಜಲ್ಲೇ.